ದೇಶಕ್ಕೂ ನವೀಕರಣ

ನೆಲಮಂಗಲದ ತುಮಕೂರು ರಸ್ತೆ. ಟೀ ಅಂಗಡಿ ಎದುರು ಕೆಎ-52 ಲಾರಿ ನಿಂತಿತು. ಮಾಲೀಕನ ಮುಖ ನೋಡಿಯೇ ಅಜ್ಜಿ ಸಕ್ಕರೆ ಹೆಚ್ಚು ಹಾಕಿದಳು.

"ಯಾಕಪ್ಪ, ಸಪ್ಪಗಿದ್ದೀಯ?"

"ನ್ಯಾಷನಲ್ ಪರ್ಮಿಟ್ ಕಣಜ್ಜಿ. ವರ್ಸಕ್ಕೆ 16,500 ರೂಪಾಯಿ. ನಮ್ ರಾಜ್ಯದ ಅನುಮತಿಗೆ ಇನ್ನೊಂದು ಸಾವಿರ."

"ಹೋದ್ ವರ್ಸ ಕಟ್ಟಿದ್ದು?"

"ಅದು ಹೋದ್ ವರ್ಸದ ದೇಶಕ್ಕೆ."

"ಲಾರಿಗೆ ವಯಸ್ಸಾದ್ರೆ?"

"12 ವರ್ಸ ದಾಟಿದ್ರೆ ಈ ಪರ್ಮಿಟ್ ಕೊಡಲ್ಲ. ಮಲ್ಟಿ ಆಕ್ಸಲ್‌ಗೆ 15."

"ಓ, ಚಕ್ರ ಹೆಚ್ಚಿದ್ರೆ ಆಯಸ್ಸೂ ಹೆಚ್ಚು!"

"ಪರ್ಮಿಟ್ ಇದ್ರೂ ಹೊಸೂರಲ್ಲಿ ತುಂಬಿ ಚೆನ್ನೈನಲ್ಲಿ ಇಳಿಸಂಗಿಲ್ಲ. ಎರಡೂ ಒಂದೇ ರಾಜ್ಯ."

"ದೇಶಕ್ಕೆಲ್ಲಾ ಅಪ್ಪಣೆ, ಪಕ್ಕದೂರಿಗೆ ಇಲ್ಲ! ವಾಪಸ್ ಹೆಂಗೆ?"

"ಖಾಲಿ. ಟೋಲ್ ಮಾತ್ರ ಭರ್ತಿ."

"ಫೀಸು ಎಲ್ಲಿ ಕಟ್ತೀಯ?"

"ಆನ್‌ಲೈನ್."

"ಲೈನ್ ಉದ್ದ ಐತಾ? ಪಾರ್ಸೆಲ್ ಟೀ ಕಟ್ಟಿಕೊಡ್ಲಾ?"