ಚೋಕ್ ಹೋಗಿರಬೇಕು ನೋಡೋ

2011ರ ಏಪ್ರಿಲ್ 2, ಮುಂಬಯಿಯಲ್ಲಿ ವಿಶ್ವಕಪ್ ಫೈನಲ್. ನಾವಿದ್ದ ನ್ಯೂಜೆರ್ಸಿಯಲ್ಲಿ ಆಟ ಶುರುವಾಗುವುದು ಬೆಳಗಿನ ಜಾವ 5ಕ್ಕೆ. ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ ನಮ್ಮ 56 ಇಂಚಿನ ಪ್ರೊಜೆಕ್ಷನ್ ಟಿವಿ ಕಣ್ಣು ಮುಚ್ಚಿತು. ಸ್ವಿಚ್ ಒತ್ತಿದರೆ ಫ್ಯಾನು ತಿರುಗುವುದು, ಬಣ್ಣದ ಚಕ್ರ ಕುಂಯ್‌ಗುಟ್ಟುವುದು. ಪರದೆ ಮಾತ್ರ ಕಪ್ಪು. ಮೂರು ಸಲ ಯತ್ನಿಸಿ, ಕೆಂಪು ದೀಪ ಮಿಟುಕಿಸಿ ಮಲಗಿಬಿಡುವುದು.

"ಚೋಕ್ ಹೋಗಿರಬೇಕು ನೋಡೋ" ಎಂದರು ಅಪ್ಪ. ಹಾಸನದಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಇದು ಟ್ಯೂಬ್‌ಲೈಟ್ ಅಲ್ಲಪ್ಪ" ಎಂದು ಉಪನ್ಯಾಸವನ್ನೇ ಕೊಟ್ಟೆ. ಲ್ಯಾರಿ ಹಾರ್ನ್‌ಬೆಕ್ ಎಂಬುವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 1987ರಲ್ಲಿ ರೂಪಿಸಿದ ಚಿಪ್ಪು; ಅದರ ಮೇಲೆ ಲಕ್ಷಾಂತರ ಕನ್ನಡಿ, ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ವಾಲುತ್ತದೆ. (ಆ ಚಿಪ್ಪಿಗಾಗಿ 2015ರಲ್ಲಿ ಅವರಿಗೆ ಆಸ್ಕರ್ ಕೂಡ ಬಂತು.)

ಅಪ್ಪ ತಾಳ್ಮೆಯಿಂದ ಕೇಳಿದರು. "ಕನ್ನಡಿ ಸರಿ. ಬೆಳಕು ಯಾವುದರದ್ದು?"

"ಪಾದರಸದ ಆವಿಯದು. ಒಳಗೆ ಗಾಳಿಯ 200 ಪಟ್ಟು ಒತ್ತಡ ಗೊತ್ತಾ!"

"ಟ್ಯೂಬ್‌ಲೈಟಿನಲ್ಲೂ ಪಾದರಸವೇ ಅಲ್ಲವೇನೋ?"

ಉತ್ತರ ಹೊಳೆಯದೆ ಹೊಸ ಲ್ಯಾಂಪಿಗೆ ಆರ್ಡರ್ ಮಾಡಿದೆ. ಬೆರಳು ಸೋಕಿದರೆ ಅದರ ಜಿಡ್ಡಿಗೇ ಗಾಜು ಹಾಳಾಗುತ್ತದಂತೆ. ಮಡಿಯಲ್ಲಿ ಸಾಲಿಗ್ರಾಮ ಎತ್ತುವ ಹಾಗೆ ಎತ್ತಿ ಕೂರಿಸಿದೆ. ಹತ್ತಲಿಲ್ಲ. ಮುಚ್ಚಳ ಒತ್ತುವ ಪುಟ್ಟ ಸ್ವಿಚ್ಚೊಂದು ಅಲ್ಲಿದೆ, ಮುಚ್ಚಳ ಹಾಕದಿದ್ದರೆ ಲ್ಯಾಂಪಿಗೆ ಕರೆಂಟೇ ಹೋಗುವುದಿಲ್ಲ ಎಂದು ತಿಳಿಯುವಷ್ಟರಲ್ಲಿ ಒಂದು ಸಂಜೆ ಕಳೆದಿತ್ತು. ಮುಚ್ಚಳ ಹಾಕಿದೆ. ಮತ್ತೆ ಮೂರು ಯತ್ನ, ಮತ್ತೆ ಕೆಂಪು ಕಣ್ಣು.

ಕೊನೆಗೆ ಟಿವಿಯ ಬೆನ್ನಿಗೆ ಕಿವಿ ಹಚ್ಚಿ ಕೂತೆ. ಲ್ಯಾಂಪ್ ಹಚ್ಚುವಾಗ ಬ್ಯಾಲಸ್ಟ್ ಸಾವಿರಾರು ವೋಲ್ಟ್ ಕಳಿಸುತ್ತದೆ. ಆಗ ಚಿಟಿಚಿಟಿ ಸದ್ದು ಬರಬೇಕು. ಸದ್ದಿದ್ದೂ ಬೆಳಕಿಲ್ಲದಿದ್ದರೆ ಲ್ಯಾಂಪಿನ ಮೇಲೆ ಗುಮಾನಿ. ಸದ್ದೇ ಇಲ್ಲದಿದ್ದರೆ ಬ್ಯಾಲಸ್ಟಿನ ಮೇಲೆ. "ಕಫ ಕಟ್ಟಿದೆಯಾ?" ಎಂದು ನನ್ನವಳು ವಿಚಾರಿಸಿದಳು. ಒಳಗೆ ಗಾಢ ಮೌನ.

"ಬ್ಯಾಲಸ್ಟ್ ಅಂದರೇನೋ?" ಅಪ್ಪ ಕೇಳಿದರು.

"ಹಚ್ಚೋವಾಗ ಜೋರಾಗಿ ಒಂದು ಏಟು ಕೊಡುತ್ತೆ. ಹತ್ತಿದ ಮೇಲೆ ನೂರು ವೋಲ್ಟೂ ಬೇಡ, ಕರೆಂಟು ಮಿತಿಮೀರದ ಹಾಗೆ ಹಿಡಿದಿಡುತ್ತೆ."

"ಒದೆಯೋದು, ಆಮೇಲೆ ಲಗಾಮು ಹಿಡಿಯೋದು. ಹಾಸನದಲ್ಲಿ ಅದಕ್ಕೆ ಚೋಕ್ ಅಂತೀವಿ."

ಶುಕ್ರವಾರ ಸಂಜೆ ಬ್ಯಾಲಸ್ಟ್ ಬಂತು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲೆಂದು ಒಂದು ತಾಸು ಕಾದು, ಹಾಕಿದೆ. ಚಿಟಿಚಿಟಿ! ಮರುದಿನ ಮಧ್ಯಾಹ್ನ ಒಂದರ ಮೇಲೆ ಧೋನಿ ಸಿಕ್ಸರ್ ಎತ್ತಿದಾಗ ಅಪ್ಪನ ಕಣ್ಣು ಚೆಂಡಿನ ಮೇಲಿರಲಿಲ್ಲ, ನನ್ನ ಮೇಲಿತ್ತು.

ಕುತೂಹಲಕ್ಕೆ ಹಳೇ ಲ್ಯಾಂಪನ್ನೇ ಮತ್ತೆ ಹಾಕಿ ನೋಡಿದೆ. ಅದೂ ಜಗ್ಗನೆ ಹತ್ತಿತು. "ಪಾಪ, ಬಿಸಾಡಬೇಡ. ಅದರದ್ದೇನೂ ತಪ್ಪಿರಲಿಲ್ಲ" ಎಂದು ಅಪ್ಪ ತಮ್ಮ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟರು.

2012ರ ಕೊನೆಗೆ ಅಂಥ ಟಿವಿ ಮಾಡುತ್ತಿದ್ದ ಕೊನೆಯ ಕಂಪನಿಯೂ ಕೈ ತೊಳೆದುಕೊಂಡಿತು. ನಮ್ಮ ಟಿವಿಯೂ ಎಂದೋ ಹೋಯಿತು. ಅಪ್ಪ ಈಗಲೂ ಫೋನಿನಲ್ಲಿ ಕೇಳುತ್ತಾರೆ, "ಆ ಲ್ಯಾಂಪ್ ಇದೆಯೇನೋ?"

ಇದೆ.