ಭಾರಚಕ್ರ ಮೀಮಾಂಸೆ

ಪೀಠಿಕೆ

ಭೂಭಾರವನ್ನು ಆದಿಶೇಷನು ಹೊತ್ತಿರುವನೆಂದು ಪುರಾಣಗಳು ಸಾರುತ್ತಿದ್ದರೂ, ಜಯನಗರದ ಅಕ್ಕಿ, ಬನಶಂಕರಿಯ ಬೆಲ್ಲ, ಜೆ.ಪಿ. ನಗರದ ಅಡುಗೆಯೆಣ್ಣೆ ಇವುಗಳ ಭಾರವನ್ನು ಗೋಡೌನಿನ ಮಬ್ಬುಗತ್ತಲೆಯಲ್ಲಿ ಹೊರುತ್ತಿರುವುದು ಅಂಗೈಯಗಲದ ಪಿಯು (ಪಾಲಿಯುರಿಥೇನ್) ಚಕ್ರವೆಂಬ ಸಂಗತಿಯನ್ನು ನಮ್ಮ ಪಂಡಿತವರ್ಗವು ಇದುವರೆಗೆ ಉಪೇಕ್ಷಿಸಿರುವುದು ಶೋಚನೀಯವೇ ಸರಿ. ಸರಕನ್ನು ಎತ್ತಿ ಸಾಗಿಸುವ ಬ್ಯಾಟರಿ ಪ್ಯಾಲೆಟ್ ಟ್ರಕ್ಕಿನಲ್ಲಿ ಹ್ಯಾಂಡಲಿಗೆ ಗೌರವವುಂಟು. ಮೋಟಾರಿನ ಸಖ್ಯವುಳ್ಳ ಡ್ರೈವ್ ವೀಲಿಗೆ ಖ್ಯಾತಿಯುಂಟು. ಫೋರ್ಕಿನ ತುದಿಯಲ್ಲಿ ಅಡಗಿ ಉರುಳುವ ಈ ಪಿಯು ಚಕ್ರಕ್ಕೆ, ಎಂದರೆ ಲೋಡ್ ವೀಲಿಗಾದರೋ, ಕಿತ್ತುಹೋದ ದಿನ ದೊರೆಯುವ ಬೈಗುಳವೊಂದೇ ಸಂಭಾವನೆ. ಆಯುಧಪೂಜೆಯಂದು ಭಕ್ತನೊಬ್ಬನು ಇದರ ಮುಂದೆಯೂ ನಿಂಬೆಹಣ್ಣನ್ನಿಟ್ಟುದನ್ನು ನಾನು ಕಂಡಿದ್ದೇನೆ. ನಾಲ್ಕು ಸೆಂಟಿಮೀಟರ್ ತ್ರಿಜ್ಯದ ಚಕ್ರವು ಅಷ್ಟೇ ಎತ್ತರದ ಹಣ್ಣನ್ನು ಏರಲಾರದೆ, ಅದನ್ನು ಗೋಡೆಯವರೆಗೂ ಭಕ್ತಿಯಿಂದ ತಳ್ಳಿಕೊಂಡು ಹೋಯಿತು.

ಸ್ವರೂಪ ವಿಚಾರ

ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರೂರುಗಳು ಸೇರಿ ಬಿ.ಟಿ.ಎಂ. ಎಂಬ ಒಂದೇ ಬಡಾವಣೆಯಾದಂತೆ, ಬೇರಿಂಗು, ಲೋಹದ ಹಬ್ಬು, ಅದರ ಮೇಲೆ ಎರೆದ ಪಾಲಿಯುರಿಥೇನ್ ಎಂಬ ಮೂರು ತತ್ತ್ವಗಳು ಕೂಡಿ ಈ ಚಕ್ರವಾಗಿದೆ. ಕೊನೆಯ ತತ್ತ್ವದ ದ್ರಷ್ಟಾರನು 1937ರಲ್ಲಿ ಇದನ್ನು ಕಂಡ ಜರ್ಮನಿಯ ಆಟೋ ಬೇಯರ್. ಫೋರ್ಕಿಗೆ ಒಂದೇ ಚಕ್ರವೆನ್ನುವವರು ಅದ್ವೈತಿಗಳು. ಒಂದರ ಹಿಂದೊಂದು ಎರಡಿರಬೇಕೆನ್ನುವವರು ದ್ವೈತಿಗಳು. ಆದರೆ ಹಬ್ಬಿಗೂ ಪಿಯುವಿಗೂ ಇರುವ ಅಂಟು ದೇಹಾತ್ಮಸಂಬಂಧದಂತೆ ಅಗಲಿಸಲಾಗದುದೆಂಬ ವಿಶಿಷ್ಟಾದ್ವೈತಮತವನ್ನು, ಅತಿಭಾರದಿಂದಲೂ ಅತಿವೇಗದಿಂದಲೂ ಒಳಗೇ ಕಾವೇರಿದಾಗ ಪಿಯು ಸಿಪ್ಪೆಯಂತೆ ಸುಲಿದು ಬೀಳುವುದರಿಂದ, ಪೂರ್ಣವಾಗಿ ಒಪ್ಪಲಾಗದು.

ಪೂರ್ವಪಕ್ಷ

ನೈಲಾನ್ ಪಂಥದವರು ಹೇಳುವರು: ನಮ್ಮ ಚಕ್ರವು ಗಟ್ಟಿ, ಹಗುರವಾಗಿ ಉರುಳುವುದು, ಬೆಲೆಯೂ ಕಡಿಮೆ. ದಿಟ, ಆದರೆ ಅದರ ಗಡಗಡ ಧ್ವನಿಯು ಪಕ್ಕದ ಮನೆಯ ಮಧ್ಯಾಹ್ನದ ನಿದ್ರೆಯನ್ನೂ, ಅದರ ಕಾಠಿನ್ಯವು ನೆಲದ ನುಣುಪನ್ನೂ ಕೆಡಿಸುವುದು. ಷೋರ್ ಎ ಮಾಪನದಲ್ಲಿ 90ರಿಂದ 95ರವರೆಗಿನ ಪಿಯು ಮೌನಿ. ಅದರ ದೋಷವೆಂದರೆ ಪ್ಯಾಲೆಟ್ಟಿನಿಂದ ಉದುರಿದ ಮೊಳೆಯನ್ನು ತನ್ನೊಳಕ್ಕೆ ಸೇರಿಸಿಕೊಳ್ಳುವ ಅತಿಯಾದ ಔದಾರ್ಯ. ಸವೆತಕ್ಕೆ ಮದ್ದಾಗಿ ಹಂಪೆಯ ಕಲ್ಲುರಥದಂತೆ ಚಕ್ರವನ್ನು ತಿರುಗದಂತೆ ಮಾಡಬಹುದಲ್ಲಾ ಎಂದರೆ, ಆ ಉಪಾಯವು ಪ್ರವಾಸಿಗರಿಗೆ ಒಪ್ಪುವುದೇ ಹೊರತು ಗೋಡೌನಿನ ಮಾಲೀಕರಿಗಲ್ಲ.

ಪ್ರಮಾಣ ವಿಚಾರ

ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟಿನಲ್ಲಿ ಗೋಡೌನ್ ಇರಿಸಿಕೊಂಡಿರುವ ನನ್ನ ಭಾವಮೈದುನನ ಟ್ರಕ್ಕಿಗೆ ಚಕ್ರ ಕೊಳ್ಳಲು ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿ, ಚಕ್ರದ ಲಕ್ಷಣಗಳನ್ನು ಕಾಲುಗಂಟೆ ಸವಿಸ್ತಾರವಾಗಿ ವರ್ಣಿಸಿದೆ. ಅಂಗಡಿಯಾತನು ಶಾಂತವಾಗಿ ಕೇಳಿ, “ಸ್ಯಾಂಪಲ್ ಎಲ್ಲಿ ಸಾರ್?” ಎಂದನು. ಶಬ್ದವನ್ನೂ ಅನುಮಾನವನ್ನೂ ತಳ್ಳಿಹಾಕಿ ಪ್ರತ್ಯಕ್ಷವೊಂದನ್ನೇ ಪ್ರಮಾಣವೆನ್ನುವ ಚಾರ್ವಾಕದರ್ಶನವು ಈ ಬೀದಿಯಲ್ಲಿ ಇನ್ನೂ ಜೀವಂತವಾಗಿರುವುದು ಅಂದು ನನಗೆ ವೇದ್ಯವಾಯಿತು. ಮರುದಿನ ಹಳೆಯ ಚಕ್ರವನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ಅಂಗಡಿಯ ಹುಡುಗನು ವರ್ನಿಯರ್ ಹಿಡಿದು 76 ಮಿಲಿಮೀಟರ್ ಎಂದನು; ಪ್ರತ್ಯಕ್ಷವು ಸಿದ್ಧಿಸಿತೆಂದು ನಾನು ಹಿಗ್ಗಿ, ಹಾಗಾದರೆ 76ರದೇ ಕೊಡಿ ಎಂದೆ. ಅಂಗಡಿಯಾತನು ನಕ್ಕು, “ಅದು ಸವೆದಿರೋದು ಸಾರ್, ಹುಟ್ಟಿದ್ದು ಎಂಬತ್ತು” ಎಂದನು. ಚಾರ್ವಾಕನ ಬಾಯಿಂದಲೇ ಅನುಮಾನಪ್ರಮಾಣವು ಹೊರಟಿತು, ಶಾಸ್ತ್ರ ಪೂರ್ಣವಾಯಿತು. ಬೇರಿಂಗಿನ ಮೇಲಿದ್ದ 6204ರ ಕೊನೆಯ ಎರಡಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ 20 ಮಿಲಿಮೀಟರ್ ಎಂಬ ಕಟಪಯಾದಿಸಮಾನವಾದ ರಹಸ್ಯವನ್ನೂ ಆತನೇ ಉಪದೇಶಿಸಿದನು.

ಫಲಶ್ರುತಿ

ಎಂಬತ್ತರ ಚಕ್ರದ ಸುತ್ತಳತೆ 251 ಮಿಲಿಮೀಟರ್; ಎಂದರೆ ಒಂದು ಕಿಲೋಮೀಟರಿಗೆ ಸುಮಾರು ನಾಲ್ಕು ಸಾವಿರ ಪ್ರದಕ್ಷಿಣೆ. ಇಷ್ಟು ತಿರುಗಿದುದು ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಸವೆದಮೇಲೆ ಅದನ್ನಳೆದು ಮೂಲವನ್ನು ತಿಳಿದೆವೆಂದುಕೊಳ್ಳುವ ನಮ್ಮಂಥ ಪಂಡಿತರ ಬಗೆಗೇ ಆಶ್ಚರ್ಯ. ಆದ್ದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಎಡಬಲದ ಚಕ್ರಗಳನ್ನು ಒಟ್ಟಿಗೇ ಬದಲಿಸಿರಿ, ಇಲ್ಲವಾದರೆ ಹೊರೆ ಓರೆಯಾಗುವುದು; ಹೊಸ ಚಕ್ರದ ವ್ಯಾಸ, ಅಗಲ, ಬೇರಿಂಗ್ ಸಂಖ್ಯೆಗಳನ್ನು ಕೊಂಡ ದಿನವೇ ಅಳೆದು ಗೋಡೌನಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ ಬರೆದಿಡಿರಿ.