ಚಿಲ್ಲರೆ ಲೆಕ್ಕ

ನಾವಿರುವ ಊರು ಇಂಗ್ಲೆಂಡಿನ ರೆಡಿಂಗ್. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಇಲ್ಲಿ ಮಕ್ಕಳು ಹುಟ್ಟುತ್ತಲೇ ಓದುತ್ತವೆ ಅನ್ನಿಸಬೇಕು. ಓದುತ್ತವೆ, ಇಲ್ಲವೆನ್ನಲ್ಲ. ನಮ್ಮನೆ ತಕರಾರು ಲೆಕ್ಕದ್ದು.

ಅವತ್ತು ಮಗಳು 43ರಲ್ಲಿ 17 ಕಳೆಯಬೇಕಿತ್ತು. ಬ್ಯಾಂಕಿಗೆ ಸಾಫ್ಟ್‌ವೇರ್ ಬರೆದುಕೊಡುವ ನನ್ನ ಯಜಮಾನರು ತೋಳು ಮಡಚಿಕೊಂಡು ಕೂತರು.

"ಮೂರರಲ್ಲಿ ಏಳು ಹೋಗಲ್ಲ. ಪಕ್ಕದ ಮನೆಯಿಂದ ಒಂದು ಸಾಲ ತಗೋ."

"ಒಂದು ತಗೊಂಡ್ರೆ ನಾಲ್ಕಾಗತ್ತೆ ಅಪ್ಪಾ. ಹದಿಮೂರು ಹೇಗಾಯ್ತು?"

"ಆಗತ್ತೆ."

"ವಾಪಸ್ ಯಾವಾಗ ಕೊಡೋದು?"

ನಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಬೆರಳ ಗೆಣ್ಣಿನ ಮೇಲೆ ಸ್ಕೇಲು ಉತ್ತರ ಹೇಳುತ್ತಿತ್ತು. ಇವಳ ಟೀಚರು ಸಾಲದ ಮಾತೇ ಎತ್ತುವುದಿಲ್ಲ, 'ಎಕ್ಸ್‌ಚೇಂಜ್' ಅನ್ನುತ್ತಾರೆ. ಯಜಮಾನರಿಗೆ ಗೊತ್ತಿರುವ ಎಕ್ಸ್‌ಚೇಂಜ್ ಒಂದೇ, ಪೌಂಡಿಗೆ ಎಷ್ಟು ರೂಪಾಯಿ ಅನ್ನುವುದು.

ಕೊನೆಗೆ ಮಾಚೇನಹಳ್ಳಿಗೆ ಫೋನು ಹೋಯಿತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹಾಲಿನ ಡೇರಿ ಇರುವ ಊರು ಅದು. ಮಾವನವರು ಆಯಸ್ಸಿನ ಅರ್ಧಭಾಗವನ್ನು ಆ ರಸ್ತೆಯ ಬಸ್ಸಿನಲ್ಲೇ ಕಳೆದವರು.

"ಪುಟ್ಟಿ, ಬಸ್ ಹತ್ತಿದೀಯ ಅಂತಿಟ್ಕೋ. ನಾಲ್ಕು ಹತ್ತರ ನೋಟು, ಮೂರು ಒಂದ್ರುಪಾಯಿ ಬಿಲ್ಲೆ ಇದೆ. ಟಿಕೆಟ್ ಹದಿನೇಳು. ಕಂಡಕ್ಟರ್ 'ಚಿಲ್ಲರೆ ಕೊಡ್ರೀ' ಅಂತ ರೇಗ್ತಿದಾನೆ. ಏನ್ಮಾಡ್ತಿ?"

"ಪಕ್ಕದವರಿಗೆ ಒಂದು ನೋಟು ಕೊಟ್ಟು ಹತ್ತು ಬಿಲ್ಲೆ ಇಸ್ಕೋತೀನಿ."

"ಈಗ ಬಿಲ್ಲೆ ಎಷ್ಟಾಯ್ತು?"

"ಹದಿಮೂರು! ಓ..." ಅರೆಗಳಿಗೆ ತುಟಿ ಆಡಿತು. "ಟಿಕೆಟ್ ತಗೊಂಡ್ ಮೇಲೆ ಇಪ್ಪತ್ತಾರು ಉಳೀತು."

"ಸಾಲ ಮಾಡಿದ್ಯೇನೇ?"

"ಇಲ್ಲಜ್ಜ, ನಮ್ದೇ ದುಡ್ಡು."

ಯಜಮಾನರು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಚಿಲ್ಲರೆ ಇಲ್ಲದಾಗ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವುದು, ಇಳಿಯುವಾಗ ನಾವು ಅದನ್ನು ಮರೆಯುವುದು, ಇಷ್ಟನ್ನೂ ಅಜ್ಜ ಅದೇ ಪಾಠದಲ್ಲಿ ಮುಗಿಸಿದರು. ಮರುದಿನ ಟೀಚರು, "ಚಿಲ್ಲರೆ ಅಂದರೆ ಯಾವ ವಿಧಾನ?" ಎಂದು ಕೇಳಿದರಂತೆ.

ಆಮೇಲೆ ಮಗ್ಗಿ ಶುರುವಾಯಿತು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಇಯರ್ ಫೋರ್ ಮಕ್ಕಳಿಗೆ ಜೂನ್ ತಿಂಗಳಲ್ಲಿ ಮಗ್ಗಿ ಪರೀಕ್ಷೆ ಕಡ್ಡಾಯ. ಕಂಪ್ಯೂಟರಿನಲ್ಲಿ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು, ಹನ್ನೆರಡು ಹನ್ನೆರಡ್ಲಿವರೆಗೆ. ನಮಗಿಲ್ಲಿ ಸಂಜೆ ನಾಲ್ಕಾದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆ. ಮಾವನವರು ಊಟ ಮುಗಿಸಿ, ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಏಳೊಂದ್ಲಿ ಏಳು" ಅಂತ ರಾಗ ತೆಗೆಯುತ್ತಿದ್ದರು.

"ಹನ್ನೆರಡಕ್ಕೇ ನಿಲ್ಸಿದಾರಾ? ನಾವು ಇಪ್ಪತ್ತರವರೆಗೂ ಉರು ಹೊಡೀತಿದ್ವಿ" ಎಂದು ಅವರಿಗೆ ಬಹಳ ಬೇಸರ. ಇಲ್ಲಿ 1971ರವರೆಗೆ ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ, ನಮ್ಮಲ್ಲಿ 1957ರವರೆಗೆ ರೂಪಾಯಿಗೆ ಹದಿನಾರಾಣೆ. ದುಡ್ಡು ಎರಡೂ ಕಡೆ ನೂರಕ್ಕೆ ಬಂದಾಯಿತು, ಮಗ್ಗಿ ಮಾತ್ರ ಬರಲೊಲ್ಲದು.

ನನ್ನ ಚಿಂತೆ ಬೇರೆ. ಇವಳು 'ಏಳೆಂಟ್ಲಿ ಐವತ್ತಾರು' ಅಂದುಕೊಂಡು, ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಆರು ಸೆಕೆಂಡು ಮುಗಿದರೆ? ರಾತ್ರಿಯಿಡೀ ನಿದ್ದೆಗೆಟ್ಟೆ. ಪರೀಕ್ಷೆ ಮುಗಿಸಿ ಬಂದವಳು, "ಹೇಳೋದೇನಿರಲಿಲ್ಲಮ್ಮ, ಐದು ಒತ್ತಿ ಆರು ಒತ್ತೋದಷ್ಟೇ" ಅಂದಳು.

ಅಜ್ಜನಿಗೆ ಫೋನು ಮಾಡಿದೆವು.

"ಪಾಸಾ?"

"ಇದರಲ್ಲಿ ಪಾಸು ಫೇಲು ಇಲ್ಲ ಮಾವ."

"ಮತ್ತೆ ಪರೀಕ್ಷೆ ಯಾಕಿಟ್ರು?" ಸ್ವಲ್ಪ ಹೊತ್ತು ಅಡಿಕೆ ಅಗಿದ ಸದ್ದು. "ಹೋಗ್ಲಿ. ಹದಿಮೂರೊಂದ್ಲಿ ಹದಿಮೂರು, ಹೇಳು."

ಮಗಳು ಫೋನನ್ನು ಅವಳಪ್ಪನ ಕೈಗಿಟ್ಟು ಆಡಲು ಓಡಿದಳು. ಯಜಮಾನರು ಹದಿಮೂರಾರ್ಲಿವರೆಗೆ ಚೆನ್ನಾಗಿಯೇ ಹೇಳಿದರು. ಹದಿಮೂರೇಳ್ಲಿ ಬಂದಾಗ, "ಅಪ್ಪಾ, ನೆಟ್‌ವರ್ಕ್ ಸರಿಯಿಲ್ಲ, ಕೇಳಿಸ್ತಿಲ್ಲ" ಅಂದರು.